ಮೂರು ಮಂದಿಗೆ ಯಾವ ಹಡಗು: ಸ್ಲೂಪ್, ಬ್ರಿಗಂಟೈನ್, ಗ್ಯಾಲಿಯನ್

ಪ್ರಶ್ನೆ: ಸರ್, ನಾವ್ ಮೂರ್ ಮಂದಿ ದೋಸ್ತರು ‘ಸೀ ಆಫ್ ಥೀವ್ಸ್’ ಅನ್ನೋ ಕಡಲ್ಗಳ್ಳರ ಆನ್‌ಲೈನ್ ಆಟ ಆಡ್ತೀವಿ. ಇಬ್ಬರು ಕಲಬುರಗ್ಯಾಗ ಇರ್ತಾರ, ನಾ ಬೀದರದಾಗ. ನಮ್ಮ ಮಾವನ ಮಗ ಯಾದಗಿರಿಯಿಂದ ಶನಿವಾರ, ಐತಾರ ಅಷ್ಟೇ ಬರ್ತಾನ. 8 ತೋಪ್ ಅದಾವಂತ ದಿನಾ ಗ್ಯಾಲಿಯನ್ನೇ ತಗೋತೀವಿ, ಆದ್ರ ಇಬ್ಬರೇ ಇರೋ ಸ್ಲೂಪಿನವರೂ ನಮ್ಮನ್ನ ಮುಳುಗಸ್ತಾರ. ಹಿಂಗ್ಯಾಕ ಆಗ್ತದ? ಬ್ರಿಗ್ (ಬ್ರಿಗಂಟೈನ್) ತಗೋಬೇಕಾ, ಸ್ಲೂಪ್ ತಗೋಬೇಕಾ? ರಾತ್ರಿ ಆಡೂಮುಂದ ಒಬ್ಬನ ನೆಟ್ ಕಡಿತದ, ಒಮ್ಮೊಮ್ಮೆ ಕರೆಂಟೂ ಹೋಗ್ತದ. ಯಾವ ಹಡಗಿನಾಗ ಏನ್ ಚಲೋ, ಏನ್ ಚಲೋ ಇಲ್ಲ, ಸ್ವಲ್ಪ ಬಿಡಿಸಿ ಹೇಳ್ರಿ.

ಉತ್ತರ: ವಾರದ ದಿನಗಳಲ್ಲಿ ಬ್ರಿಗಂಟೈನ್, ಮಾವನ ಮಗ ಬಂದ ದಿನ ಗ್ಯಾಲಿಯನ್, ಮೂವರಲ್ಲಿ ಒಬ್ಬ ಕೈಕೊಟ್ಟ ರಾತ್ರಿ ಸ್ಲೂಪ್. ಉತ್ತರ ಇಷ್ಟೇ. ಆದರೆ ಕಾರಣ ತಿಳಿಯದೆ ಹಡಗು ಮಾತ್ರ ಬದಲಿಸಿದರೆ, ಗ್ಯಾಲಿಯನ್‌ನಲ್ಲಿ ಮುಳುಗುತ್ತಿದ್ದವರು ಬ್ರಿಗ್‌ನಲ್ಲಿ ಇನ್ನೂ ಬೇಗ ಮುಳುಗುತ್ತೀರಿ. ಹಾಗಾಗಿ ಬಿಡಿಸಿಯೇ ಹೇಳುತ್ತೇನೆ.

ನಿಮ್ಮ ತೊಂದರೆಯ ಬೇರು ಆ ‘8 ತೋಪು’ ಎಂಬ ಮಾತಿನಲ್ಲೇ ಇದೆ. ಗ್ಯಾಲಿಯನ್‌ಗೆ ಬದಿಗೆ 4ರಂತೆ 8 ತೋಪು. ಎದುರಾಳಿ ಒಂದು ಹೊತ್ತಿಗೆ ಒಂದೇ ಬದಿಯಲ್ಲಿರುತ್ತಾನೆ. ಅಲ್ಲಿಗೆ ಅರ್ಧ ತೋಪು ಲೆಕ್ಕದಿಂದ ಹೋದವು. ಉಳಿದ 4ಕ್ಕೂ ಗುಂಡು ತುಂಬಬೇಕು, ಗುರಿ ಹಿಡಿಯಬೇಕು, ಸಿಡಿಸಬೇಕು. ಒಂದು ತೋಪಿನ ಮೇಲೆ ಕೂತವನಿಗೆ ಇನ್ನೊಂದರ ಕಡೆ ತಿರುಗಿ ನೋಡಲೂ ಪುರುಸೊತ್ತಿರುವುದಿಲ್ಲ. ನೀವಿರುವುದು ಮೂವರು. ಒಬ್ಬ ಚುಕ್ಕಾಣಿ ಹಿಡಿದು, ಇನ್ನೊಬ್ಬ ತಳದಲ್ಲಿ ತೂತು ಮುಚ್ಚಿ ನೀರು ಎತ್ತಿಹಾಕುತ್ತಿದ್ದರೆ ತೋಪಿಗೆ ಉಳಿಯುವವನು ಒಬ್ಬನೇ. ಮಿಕ್ಕವು ಕಲಬುರಗಿ ಕೋಟೆಯ ಬಾರಾ ಗಜ್ ತೋಪಿನ ಹಾಗೆ ನೋಡಲಿಕ್ಕೆ ಮಾತ್ರ. ಇಬ್ಬರ ಸ್ಲೂಪ್ ಕೂಡ ಒಂದು ಬದಿಯಿಂದ ಒಂದು ತೋಪು ಹಾರಿಸುತ್ತದೆ. ಗುಂಡಿನ ಬಲದಲ್ಲಿ ನೀವೂ ಅವರೂ ಸಮಸಮ. ಕೆಲಸದಲ್ಲಿ ಮಾತ್ರ ನಿಮ್ಮ ತಲೆಯ ಮೇಲೆ 3 ಹಾಯಿಕಂಬ, ಅವುಗಳ ಹಗ್ಗಗಳು, ಒಬ್ಬನ ಕೈಗೆ ಬೇಗ ಏಳದ ಲಂಗರು, ಮೆಟ್ಟಿಲಿಳಿದಿಳಿದು ಸೇರಬೇಕಾದ ತಳ. ಸ್ಲೂಪಿನವರು ಗೆಲ್ಲುವುದರಲ್ಲಿ ಅಚ್ಚರಿಯೇನಿಲ್ಲ.

ಅದಕ್ಕೇ ಹಡಗು ಆರಿಸುವಾಗ ಎಣಿಸಬೇಕಾದ್ದು ಕೈಗಳನ್ನು. ಹಡಗಿನಲ್ಲಿರುವವರ ಸಂಖ್ಯೆಯಿಂದ ಚುಕ್ಕಾಣಿಗೆ ಒಬ್ಬನನ್ನು, ತಳಕ್ಕೆ ಒಬ್ಬನನ್ನು ಕಳೆಯಿರಿ. ಉಳಿದದ್ದೇ ನಿಮ್ಮ ನಿಜವಾದ ತೋಪುಗಳ ಸಂಖ್ಯೆ. ಗ್ಯಾಲಿಯನ್‌ನಲ್ಲಿ ನಾಲ್ವರಿದ್ದರೂ ಅದು 2 ದಾಟುವುದು ಅಪರೂಪ.

ಮೂರರ ಮೂಲ ಲೆಕ್ಕ ಹೀಗೆ. ಸ್ಲೂಪ್: 1 ಹಾಯಿಕಂಬ, 2 ತೋಪು, ಹೆಚ್ಚೆಂದರೆ ಇಬ್ಬರು. ಬ್ರಿಗಂಟೈನ್: 2 ಹಾಯಿಕಂಬ, 4 ತೋಪು, ಹೆಚ್ಚೆಂದರೆ ಮೂವರು. ಗ್ಯಾಲಿಯನ್: 3 ಹಾಯಿಕಂಬ, 8 ತೋಪು, ನಾಲ್ವರು. ಮೂರಕ್ಕೂ ಮೂತಿಯಲ್ಲಿ 2 ಹಾರ್ಪೂನ್ (ಹಗ್ಗ ಕಟ್ಟಿದ ಈಟಿ) ಇವೆ. ಮೂತಿಗೂ ಬಾಲಕ್ಕೂ ತೋಪು ಯಾವುದಕ್ಕೂ ಇಲ್ಲ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ. ಆಟ 2018ರ ಮಾರ್ಚ್ 20ರಂದು ಹೊರಬಂದಾಗ ಇದ್ದದ್ದು ಸ್ಲೂಪ್, ಗ್ಯಾಲಿಯನ್ ಎರಡೇ. ಮೂವರ ತಂಡಕ್ಕೆ ಹೊಂದುವ ಹಡಗೇ ಇರಲಿಲ್ಲ. ಅದೇ ವರ್ಷದ ಜುಲೈ 31ರಂದು ಬ್ರಿಗಂಟೈನ್ ಬಂದು ಆ ಜಾಗ ತುಂಬಿತು. ನಿಮ್ಮಂಥವರಿಗಾಗಿಯೇ ಕಟ್ಟಿದ ಹಡಗನ್ನು ಬಿಟ್ಟು ನೀವು ದೊಡ್ಡದರ ಹಿಂದೆ ಬಿದ್ದಿದ್ದೀರಿ.

ನಿಜವಾದ ಕಡಲ್ಗಳ್ಳರ ಕಾಲದಲ್ಲೂ ಸಂಗತಿ ಇದೇ ಆಗಿತ್ತು. ಗ್ಯಾಲಿಯನ್ 16–17ನೇ ಶತಮಾನದ ಸ್ಪೇನಿನ ಹಡಗು, ಅಮೆರಿಕದ ಬೆಳ್ಳಿ ಬಂಗಾರ ಹೊತ್ತು ತಂದದ್ದು. ಕಳ್ಳರ ಕೈಯಲ್ಲಿ ಹೆಚ್ಚಾಗಿ ಓಡಾಡಿದ್ದು ಸ್ಲೂಪ್: ಕಡಿಮೆ ಆಳದ ನೀರಿನಲ್ಲಿ ನುಗ್ಗುತ್ತದೆ, ಗಾಳಿಗೆ ಎದುರಾಗಿ ಚೆನ್ನಾಗಿ ಏರುತ್ತದೆ, ಸ್ವಲ್ಪವೇ ಮಂದಿ ಸಾಕು. ಹೆಸರಾಂತ ಕಡಲ್ಗಳ್ಳ ಬ್ಲ್ಯಾಕ್‌ಬಿಯರ್ಡ್‌ನ ದೊಡ್ಡ ಹಡಗು ‘ಕ್ವೀನ್ ಆ್ಯನ್ಸ್ ರಿವೆಂಜ್’ 1718ರಲ್ಲಿ ಉತ್ತರ ಕ್ಯಾರೊಲಿನಾದ ದಡದ ಬಳಿ ಮರಳಿಗೆ ಸಿಕ್ಕಿಬಿತ್ತು. ಅದೇ ವರ್ಷದ ನವೆಂಬರ್ 22ರಂದು ಓಕ್ರಕೋಕ್‌ನಲ್ಲಿ ಅವನು ಸತ್ತಾಗ ಅವನ ಬಳಿ ಇದ್ದದ್ದು ‘ಅಡ್ವೆಂಚರ್’ ಎಂಬ ಸ್ಲೂಪ್. ಅವನನ್ನು ಹಿಡಿಯಲು ಬಂದವರದ್ದೂ ಸ್ಲೂಪುಗಳೇ. ಆಟದವರು ಒಂದು ಕಡೆ ಸ್ವಾತಂತ್ರ್ಯ ತಗೊಂಡಿದ್ದಾರೆ. ನಿಜವಾದ ಸ್ಲೂಪಿನ ಹಾಯಿ ಹಡಗಿನ ಉದ್ದಕ್ಕೆ ಇರುತ್ತದೆ, ಎದುರುಗಾಳಿಯಲ್ಲಿ ಅದು ಮುಂದು ಬರುವುದೇ ಆ ಕಾರಣಕ್ಕೆ. ಆಟದ ಸ್ಲೂಪಿಗೆ ಅಡ್ಡ ಹಾಯಿ ಕಟ್ಟಿದ್ದಾರೆ. ಆದರೂ ಎದುರುಗಾಳಿಯಲ್ಲಿ ಓಡುವ ಗುಣವನ್ನು ಮಾತ್ರ ಹಾಗೇ ಉಳಿಸಿಕೊಟ್ಟಿದ್ದಾರೆ.

ಆ ಗುಣದಿಂದಲೇ ಗಾಳಿಯ ಲೆಕ್ಕ ಶುರು. ಆಕಾಶದಲ್ಲಿ ಬಿಳಿ ಗೆರೆಗಳು ಹರಿಯುತ್ತವಲ್ಲ, ಅದೇ ಗಾಳಿಯ ದಿಕ್ಕು. ಗಾಳಿ ಬೆನ್ನಿಗಿದ್ದರೆ ಗ್ಯಾಲಿಯನ್ ಎಲ್ಲಕ್ಕಿಂತ ವೇಗ, ಸ್ಲೂಪ್ ಎಲ್ಲಕ್ಕಿಂತ ಹಿಂದೆ. ಗಾಳಿ ಮುಖಕ್ಕೆ ಹೊಡೆಯುತ್ತಿದ್ದರೆ ಲೆಕ್ಕ ತಿರುಗಾಮುರುಗಾ: ಸ್ಲೂಪ್ ಮುಂದೆ, ಗ್ಯಾಲಿಯನ್ ತೆವಳುತ್ತದೆ. ಬ್ರಿಗ್ ಎರಡೂ ಕಡೆ ನಡುವೆ. ಈ ಒಂದು ಸಾಲು ತಿಳಿದವರು ಬೆನ್ನಟ್ಟುವುದನ್ನೂ ತಪ್ಪಿಸಿಕೊಳ್ಳುವುದನ್ನೂ ಅರ್ಧ ಕಲಿತ ಹಾಗೆ. ನೀವು ಬ್ರಿಗ್‌ನಲ್ಲಿದ್ದು ಗ್ಯಾಲಿಯನ್ ಬೆನ್ನತ್ತಿದರೆ ಗಾಳಿಗೆ ಮುಖ ಮಾಡಿ ಓಡಿ. ಸ್ಲೂಪ್ ಬೆನ್ನತ್ತಿದರೆ ಗಾಳಿಯನ್ನು ಬೆನ್ನಿಗೆ ಹಾಕಿಕೊಂಡು ಓಡಿ. ಎದುರಾಳಿ ಯಾವ ಹಡಗು ಎಂದು ದೂರದಿಂದಲೇ ತಿಳಿಯಲು ಹಾಯಿಕಂಬ ಎಣಿಸಿದರೆ ಸಾಕು. ಮೇಲಿನ ಬುಟ್ಟಿಗೆ ಹತ್ತಿ ದುರ್ಬೀನು ಹಿಡಿಯುವುದಕ್ಕೆ ಆಗಾಗ ಒಬ್ಬನನ್ನು ಕಳಿಸಿ.

ಹಾಯಿಗೆ ಎರಡು ಕೆಲಸ: ಎಷ್ಟು ಇಳಿಸಬೇಕು, ಯಾವ ಕಡೆ ತಿರುಗಿಸಬೇಕು. ಗಾಳಿ ಸರಿಯಾಗಿ ಹಿಡಿದರೆ ಬಟ್ಟೆ ಉಬ್ಬುತ್ತದೆ, ಸದ್ದೂ ಕೇಳುತ್ತದೆ. ಎದುರುಗಾಳಿ ಇದ್ದಾಗ ಹಾಯಿ ಓರೆ ಮಾಡಿ ಪ್ರಯೋಜನವಿಲ್ಲ, ನೇರ ಬಿಡಿ. ಸ್ಲೂಪಿನಲ್ಲಿ ಇದನ್ನು ಒಬ್ಬನೇ ಮುಗಿಸುತ್ತಾನೆ. ಬ್ರಿಗ್‌ನಲ್ಲಿ ಇಬ್ಬರು, ಕಂಬಕ್ಕೊಬ್ಬ. ಗ್ಯಾಲಿಯನ್‌ನಲ್ಲಿ ಮೂರು ಕಂಬಕ್ಕೂ ಒಬ್ಬನೇ ಓಡಾಡಿದರೆ ಮೂರನೆಯದು ಸರಿಯಾಗುವಷ್ಟರಲ್ಲಿ ಹಡಗು ತಿರುಗಿ ಮೊದಲನೆಯದು ತಪ್ಪಿರುತ್ತದೆ. ಮೂವರ ಗ್ಯಾಲಿಯನ್ ಯಾವಾಗಲೂ ಅರೆಬರೆ ಹಾಯಿಯಲ್ಲೇ ಓಡುವುದಕ್ಕೆ ಇದೇ ಕಾರಣ. ದೊಡ್ಡ ಹಡಗಿನ ಒಂದೇ ಒಂದು ವೇಗದ ಲಾಭವೂ ಅಲ್ಲಿ ಕೈತಪ್ಪುತ್ತದೆ.

ಲಂಗರಿನ ವಿಷಯ ಸ್ವಲ್ಪ ನಿಧಾನವಾಗಿ ನೋಡೋಣ, ಹೆಚ್ಚು ಹಡಗು ಕಳೆಯುವುದು ಇಲ್ಲೇ. ಲಂಗರು ಬಿಡುವುದಕ್ಕೆ ಒಂದು ಕ್ಷಣ, ಎತ್ತುವುದಕ್ಕೆ ಕೈಗಳು ಎಷ್ಟಿವೆಯೋ ಅದರ ಮೇಲೆ. ರಾಟೆ ತಳ್ಳಲು ಕೈ ಹೆಚ್ಚಿದಷ್ಟೂ ಬೇಗ ಏಳುತ್ತದೆ. ಸ್ಲೂಪಿನದನ್ನು ಒಬ್ಬನೇ ಎತ್ತಿಬಿಡಬಹುದು. ಗ್ಯಾಲಿಯನ್‌ನದ್ದನ್ನು ಒಬ್ಬನೇ ತಳ್ಳುತ್ತಿರುವಷ್ಟು ಹೊತ್ತು ಎದುರಾಳಿಗೆ ನೀವು ನಿಂತ ಗುರಿ. ಹಾಗಾಗಿ ದ್ವೀಪಕ್ಕೆ ಹೋದಾಗ ಲಂಗರು ಬಿಡುವ ಚಾಳಿಯನ್ನೇ ಬಿಡಿ. ದಡ ಇನ್ನೂ ದೂರ ಇರುವಾಗಲೇ ಹಾಯಿ ಪೂರ್ತಿ ಎತ್ತಿ, ಹಡಗು ತಾನಾಗಿ ತೇಲಿಕೊಂಡು ಬಂದು ನಿಲ್ಲಲಿ. ಸ್ಲೂಪಿಗೆ ಸ್ವಲ್ಪ ದೂರ ಸಾಕು, ಗ್ಯಾಲಿಯನ್‌ಗೆ ಬಹಳ ಮುಂಚೆಯೇ ಎತ್ತಬೇಕು. ಮೂತಿಯನ್ನು ಬಯಲು ಸಮುದ್ರದ ಕಡೆ ತಿರುಗಿಸಿ ನಿಲ್ಲಿಸುವುದನ್ನು ಕಲಿಯಿರಿ. ದೂರದಲ್ಲಿ ಹಡಗು ಕಂಡ ಕೂಡಲೇ ಹಾಯಿ ಬಿಟ್ಟರೆ ಹೊರಟಾಯಿತು. ನಿಮ್ಮ ಹಡಗು ಹತ್ತಿದ ಶತ್ರು ಮೊದಲು ಮಾಡುವ ಕೆಲಸವೂ ಲಂಗರು ಬಿಡುವುದೇ. ಗ್ಯಾಲಿಯನ್‌ನಲ್ಲಿ ಅದೊಂದು ಆಯಿತೆಂದರೆ ಕಾಳಗ ಮುಗಿದ ಹಾಗೆಯೇ. ಚುಕ್ಕಾಣಿಯ ಚಕ್ರ ಪೂರ್ತಿ ತಿರುಗಿಸಿ ಲಂಗರು ಬಿಟ್ಟರೆ ಹಡಗು ಗಿರ್ರನೆ ತಿರುಗುತ್ತದೆ ಎಂಬ ಉಪಾಯ ನಿಮಗೂ ಗೊತ್ತಿರಬಹುದು. ಚಲೋ ಉಪಾಯವೇ, ಆದರೆ ತಿರುಗಿದ ಮೇಲೆ ಎತ್ತುವವರು ಯಾರು ಎಂದು ಮೊದಲೇ ಹೇಳಿಟ್ಟಿರಬೇಕು. ಬಂಡೆ ಹತ್ತಿರವಿದ್ದರೆ ಹಾರ್ಪೂನ್ ಹೊಡೆದು ಎಳೆದುಕೊಂಡು ತಿರುಗುವುದು ಇದಕ್ಕಿಂತ ಲೇಸು. ಹಾರ್ಪೂನ್ ಎಳೆಯುವ ಕಡೆಗೇ ಚಕ್ರವೂ ತಿರುಗಿರಲಿ, ಸಾಲಿಗೆ ಬಂದ ಕೂಡಲೇ ಹಗ್ಗ ಬಿಡಿ. ಬಿಡುವುದು ತಡವಾದರೆ ಹಡಗು ಬಂಡೆಗೇ ಹೋಗಿ ಉಜ್ಜುತ್ತದೆ.

ಈಗ ನೀರು. ಗುಂಡು ತಾಗಿದ ಕಡೆ ತೂತು ಬೀಳುತ್ತದೆ. ಅದೇ ಜಾಗಕ್ಕೆ ಮತ್ತೆ ಬಿದ್ದರೆ ತೂತು ದೊಡ್ಡದಾಗುತ್ತದೆ, ನೀರೂ ಜೋರು, ಮುಚ್ಚಲು ಹೊತ್ತೂ ಹೆಚ್ಚು. ಎಲ್ಲ ತೂತೂ ಸಮವಲ್ಲ. ತಳದವು ಕೂಡಲೇ ನೀರು ಬಿಡುತ್ತವೆ. ಗ್ಯಾಲಿಯನ್‌ನ ಮೇಲಿನ ಅಂತಸ್ತಿಗೆ ಬಿದ್ದ ತೂತು ಹಡಗು ಕುಸಿಯುವವರೆಗೆ ಅಷ್ಟಾಗಿ ತೊಂದರೆ ಕೊಡುವುದಿಲ್ಲ. ಆದ್ದರಿಂದ ಮುಚ್ಚುವ ಕ್ರಮ ಹೀಗೆ: ತಳದ ದೊಡ್ಡ ತೂತು ಮೊದಲು, ತಳದ ಸಣ್ಣವು ಆಮೇಲೆ, ಮೇಲಿನವು ಕೊನೆಗೆ. ನೀರು ಮೊಣಕಾಲಿನ ಕೆಳಗಿದ್ದರೆ ಹಲಗೆ ಹಿಡಿಯಿರಿ. ಎದೆ ಮುಟ್ಟಿದ್ದರೆ ಮೊದಲು ನಾಲ್ಕೈದು ಬಕೆಟ್ ಹೊರಹಾಕಿ, ಆಮೇಲೆ ಹಲಗೆ. ಬಕೆಟ್ ನೀರು ಹಡಗಿನ ಅಂಚು ದಾಟಿ ಸಮುದ್ರಕ್ಕೆ ಬೀಳಬೇಕು. ಅವಸರದಲ್ಲಿ ಡೆಕ್ ಮೇಲೆಯೇ ಚೆಲ್ಲಿದರೆ ಮಾಡಿದ ಕೆಲಸ ನೀರಿನಲ್ಲಿ ಹೋಮ. ಫೈರ್‌ಬಾಂಬ್ ಬಿದ್ದು ಬೆಂಕಿ ಹತ್ತಿದರೆ ತಳದ ಆ ನೀರೇ ಬೆಂಕಿ ಆರಿಸಲು ಬರುತ್ತದೆ. ಅದೊಂದೇ ಸಲ ಒಳಗೆ ಚೆಲ್ಲಬಹುದು.

ಮೂರು ಹಡಗುಗಳ ನಿಜವಾದ ವ್ಯತ್ಯಾಸ ಬಯಲಾಗುವುದು ಇಲ್ಲಿ. ಸ್ಲೂಪಿನಲ್ಲಿ ತಳದಿಂದ ಅಂಚಿಗೆ ಕೆಲವೇ ಹೆಜ್ಜೆ. ಕೈ ಚುರುಕಿದ್ದವನೊಬ್ಬ ಸಾಕಷ್ಟು ಏಟು ತಿಂದ ಸ್ಲೂಪನ್ನೂ ತೇಲಿಸಿಡುತ್ತಾನೆ. ಗ್ಯಾಲಿಯನ್‌ನ ಹೊಟ್ಟೆ ದೊಡ್ಡದು, ತುಂಬಲು ಹೊತ್ತು ಬೇಕು. ಆದರೆ ತೂತು ಬೀಳುವ ಜಾಗಗಳೂ ಹೆಚ್ಚು, ಮೆಟ್ಟಿಲೂ ಹೆಚ್ಚು. ಒಮ್ಮೆ ಮಿತಿ ಮೀರಿದರೆ ಒಬ್ಬನ ಬಕೆಟ್‌ನಿಂದ ಏನೂ ಆಗುವುದಿಲ್ಲ. ಬ್ರಿಗ್‌ನ ದೊಡ್ಡ ದೋಷವೂ ಇದೇ ವಿಷಯದಲ್ಲಿ: ನೀರು ಬೇಗ ತುಂಬುತ್ತದೆ. ಮೂರರಲ್ಲಿ ಅಲಕ್ಷ್ಯವನ್ನು ಎಳ್ಳಷ್ಟೂ ಸಹಿಸದ ಹಡಗು ಅದು. ಬ್ರಿಗ್ ಹತ್ತಿದವರು ತಳಕ್ಕೊಬ್ಬನನ್ನು ಮೀಸಲಿಡಲೇಬೇಕು.

ಹಾಯಿಕಂಬದ ಬಗ್ಗೆ ಎರಡು ಮಾತು. 2019ರ ಏಪ್ರಿಲ್ 30ರ ಅಪ್‌ಡೇಟ್‌ನಿಂದ ಗುಂಡಿನಿಂದ ಕಂಬ, ಚಕ್ರ, ಲಂಗರಿನ ರಾಟೆ ಮೂರೂ ಮುರಿಯುತ್ತವೆ. ಕಂಬ ಬೀಳಿಸಲೆಂದೇ ಚೈನ್‌ಶಾಟ್ ಎಂಬ ಸರಪಳಿ ಗುಂಡು ಇದೆ. ಸ್ಲೂಪಿನ ಒಂದೇ ಕಂಬ ಬಿದ್ದರೆ ಹಡಗು ನಿಂತೇಬಿಟ್ಟಿತು. ಬ್ರಿಗ್‌ನಲ್ಲಿ ಒಂದು ಬಿದ್ದರೆ ಇನ್ನೊಂದರ ಬಲದಲ್ಲಿ ಕುಂಟಬಹುದು. ಗ್ಯಾಲಿಯನ್‌ಗೆ ಇನ್ನೂ ಎರಡಿರುತ್ತವೆ. ಬಿದ್ದ ಕಂಬವನ್ನು ಎಳೆದು ನಿಲ್ಲಿಸಿ ಹಲಗೆ ಬಡಿಯುವುದು ನೀರು ಹತೋಟಿಗೆ ಬಂದ ಮೇಲಿನ ಕೆಲಸ. ಕಂಬ ಬಿತ್ತೆಂದು ಮೂವರೂ ಅದರ ಕಡೆ ಓಡುವುದು ಹೊಸಬರ ಮಾಮೂಲಿ ತಪ್ಪು. ಕಂಬ ನಿಲ್ಲುತ್ತದೆ, ಹಡಗು ಮುಳುಗುತ್ತದೆ.

ಇನ್ನು ನಿಮ್ಮ ಮೂವರ ಬ್ರಿಗ್ ಕಾಳಗ ಹೇಗಿರಬೇಕು ಎಂಬುದು. ಮೊದಲು ಜೇಬು ತುಂಬಿಕೊಳ್ಳಿ. ಒಬ್ಬನ ಜೇಬಿಗೆ 10 ಗುಂಡು, 5 ಹಲಗೆ, 5 ತಿನ್ನುವ ಪದಾರ್ಥ ಹಿಡಿಸುತ್ತವೆ. ಕಾಳಗದ ನಡುವೆ ಪೀಪಾಯಿಯ ಹತ್ತಿರ ಓಡುವುದು ಅಷ್ಟು ತಪ್ಪುತ್ತದೆ. ಚುಕ್ಕಾಣಿಯವನ ಕೆಲಸ ಎದುರಾಳಿಯನ್ನು ಸದಾ ಬದಿಯಲ್ಲಿ ಇಡುವುದು. ಮೂತಿ ಅವರ ಕಡೆ ತಿರುಗಿದರೆ ನಿಮ್ಮ ತೋಪುಗಾರನಿಗೆ ಕೆಲಸವಿಲ್ಲ. ಚುಕ್ಕಾಣಿಯವನಿಗೆ ಹಾಯಿ ಅಡ್ಡ ಬರುವುದರಿಂದ ಮುಂದಿನದು ಸರಿಯಾಗಿ ಕಾಣುವುದಿಲ್ಲ. ತೋಪಿನವನೇ ‘ಎಡಕ್ಕ’, ‘ಬಲಕ್ಕ’, ‘ಸೀದಾ’ ಎಂದು ಕೂಗಿ ನಡೆಸಬೇಕು. ಇಂಗ್ಲಿಷಿನ ನಾವಿಕ ಪದಗಳನ್ನು ಬಾಯಿಪಾಠ ಮಾಡಿಕೊಂಡು ಗಡಿಬಿಡಿಯಲ್ಲಿ ಉಲ್ಟಾ ಕೂಗುವುದಕ್ಕಿಂತ ನಿಮ್ಮ ಮನೆಮಾತೇ ವಾಸಿ. ಚಕ್ರವನ್ನು ಬಿಟ್ಟ ಜಾಗದಲ್ಲೇ ಅದು ನಿಲ್ಲುತ್ತದೆ. ಹಾಗಾಗಿ ಸ್ವಲ್ಪ ಓರೆ ತಿರುಗಿಸಿ ಬಿಟ್ಟರೆ ಹಡಗು ತಾನೇ ಸುತ್ತು ಹಾಕುತ್ತಿರುತ್ತದೆ, ಆ ಹೊತ್ತಿನಲ್ಲಿ ಚುಕ್ಕಾಣಿಯವನೂ ಎರಡನೇ ತೋಪಿಗೆ ಬರಬಹುದು. ಬ್ರಿಗ್‌ನ ಬದಿಯ 2 ತೋಪೂ ಸಿಡಿಯುವುದು ಹೀಗೆ. ಮೂವರ ಗ್ಯಾಲಿಯನ್ ಇದನ್ನೇ ಮಾಡಿದರೂ ಅಷ್ಟೇ 2 ತೋಪು, ಸಂಭಾಳಿಸಬೇಕಾದ ಹಡಗು ಮಾತ್ರ ದುಪ್ಪಟ್ಟು.

ತೋಪಿನವನು ಮೊದಲ ಒಂದೆರಡು ಗುಂಡನ್ನು ದೂರ ಅಳೆಯಲು ಬಳಸಲಿ. ಗುಂಡು ಬಾಗಿ ಬೀಳುತ್ತದೆ, ದೂರ ಹೆಚ್ಚಿದಷ್ಟೂ ಎತ್ತರಕ್ಕೆ ಹಿಡಿಯಬೇಕು. ಅಳತೆ ಸಿಕ್ಕ ಮೇಲೆ ಗುರಿ ನೀರಿನ ಮಟ್ಟದ ಪಟ್ಟಿಯ ಮೇಲೆ. ಕಟಕಟೆಗೆ, ಮೇಲಿನ ಕೋಣೆಗೆ ಹೊಡೆದರೆ ಸದ್ದು ಜೋರು, ಫಲ ಕಡಿಮೆ. ನಾಲ್ಕೈದು ಗುಂಡು ತಳಕ್ಕೆ ನಾಟಿದವು ಎಂದಾಗ ನಿಲ್ಲಿಸಬಾರದು. ಎದುರಾಳಿಯ ತಳದವನು ಮುಚ್ಚುವುದಕ್ಕೂ ಎತ್ತಿಹಾಕುವುದಕ್ಕೂ ಪರದಾಡುವ ಹೊತ್ತು ಅದು. ಆಗ ಒಂದು ಚೈನ್‌ಶಾಟ್ ಕಂಬಕ್ಕೆ ಬಿದ್ದರೆ ಅವರಿಗೆ ಓಡಲೂ ಬರುವುದಿಲ್ಲ.

ತಳದವನ ಕೈಯಲ್ಲಿ ಇಡೀ ಕಾಳಗದ ತೀರ್ಮಾನ ಇರುತ್ತದೆ. ಅವನು ಎರಡೇ ಸುದ್ದಿ ಕೊಡಬೇಕು: ‘ಆಗ್ತದ’ ಅಥವಾ ‘ಆಗಂಗಿಲ್ಲ’. ‘ಆಗಂಗಿಲ್ಲ’ ಎಂದ ತಕ್ಷಣ ಚುಕ್ಕಾಣಿಯವನು ಎದುರಾಳಿಯ ತೋಪಿನ ಸಾಲಿನಿಂದ ಹೊರಗೆ, ಅವರ ಬಾಲದ ಕಡೆಗೆ ತಿರುಗಿಸಬೇಕು. ಅಲ್ಲಿ ಅವರಿಗೆ ತೋಪಿಲ್ಲ ಎಂದು ಆಗಲೇ ಹೇಳಿದೆನಲ್ಲ. ತೋಪಿನವನು ಬಕೆಟ್ ಹಿಡಿದು ಕೆಳಗಿಳಿಯಬೇಕು. ಒಬ್ಬ ಮುಚ್ಚಲಿ, ಒಬ್ಬ ಎತ್ತಿಹಾಕಲಿ. ಬ್ರಿಗ್ ಮುಳುಗುವುದು ಸಾಮಾನ್ಯವಾಗಿ ಎರಡು ಬಗೆಯಲ್ಲಿ. ಒಂದು, ಗೆಲ್ಲುತ್ತಿದ್ದೇವೆಂಬ ಹುರುಪಿನಲ್ಲಿ ಇಬ್ಬರೂ ತೋಪಿನ ಮೇಲೇ ಉಳಿದು, ತಳದವನ ಮಾತು ಕಿವಿಗೆ ಬೀಳದೆ. ಇನ್ನೊಂದು, ಹೆದರಿ ಮೂವರೂ ಕೆಳಗಿಳಿದು, ಮೇಲೆ ಚಕ್ರ ಹಿಡಿಯುವವರಿಲ್ಲದೆ. ಎರಡನೆಯದರಲ್ಲಿ ಎದುರಾಳಿ ನಿಮ್ಮ ಬದಿಯಲ್ಲೇ ನಿಂತು ಆರಾಮಾಗಿ ಹೊಡೆಯುತ್ತಾನೆ.

ಹತ್ತಿ ಬರುವವರ ಬಗ್ಗೆಯೂ ಎಚ್ಚರ ಬೇಕು. ಏಣಿ ಎರಡೂ ಬದಿಗಿದೆ. ಎದುರಾಳಿಯ ತೋಪಿನಿಂದ ಗುಂಡಿನ ಬದಲು ಮನುಷ್ಯನೇ ಹಾರಿ ಬರುವುದುಂಟು. ಒಬ್ಬ ಸತ್ತು ಪ್ರೇತಗಳ ಹಡಗಿಗೆ ಹೋದರೆ ಮರಳುವವರೆಗೆ ನೀವು ಇಬ್ಬರೇ. ಸತ್ತವನು ತಳದವನಾದರೆ ಅವನ ಜಾಗಕ್ಕೆ ಹೋಗಬೇಕಾದವನು ತೋಪಿನವನು, ಚುಕ್ಕಾಣಿಯವನಲ್ಲ.

ಇಬ್ಬರೇ ಇದ್ದ ರಾತ್ರಿ ಹಟ ಮಾಡಿ ಬ್ರಿಗ್ ತಗೊಳ್ಳಬೇಡಿ. ಆಟ ತಡೆಯುವುದಿಲ್ಲ, ಆದರೆ ಮೇಲೆ ಹೇಳಿದ ಕಳೆಯುವ ಲೆಕ್ಕ ಹಾಕಿ ನೋಡಿ: ತೋಪಿಗೆ ಸೊನ್ನೆ ಉಳಿಯುತ್ತದೆ. ಸ್ಲೂಪಿನಲ್ಲಿ ಚುಕ್ಕಾಣಿಯವನೇ ಚಕ್ರ ಓರೆ ಬಿಟ್ಟು ಕೆಳಗಿಳಿದು ತೂತು ಮುಚ್ಚಿ ಮತ್ತೆ ಮೇಲೆ ಬರಬಹುದು, ನಕ್ಷೆಯ ಮೇಜೂ ಅವನಿಗೆ ಹತ್ತಿರವೇ. ತಿರುಗುವುದರಲ್ಲಿ ಅದಕ್ಕೆ ಸರಿಸಾಟಿ ಇಲ್ಲ. ದೊಡ್ಡ ಹಡಗು ಎದುರಾದರೆ ಅದರ ಬದಿಗೆ ಬರಲೇಬೇಡಿ, ಬಾಲಕ್ಕೆ ಅಂಟಿಕೊಂಡು ಅದು ತಿರುಗಿದಂತೆ ತಿರುಗಿ. ಸ್ಲೂಪಿನವರು ನಿಮ್ಮನ್ನು ಮುಳುಗಿಸಿದ್ದೂ ಬಹುಶಃ ಹೀಗೇ. ಒಬ್ಬರೇ ಆಡುವಾಗಲಂತೂ ಬೇರೆ ಹಡಗಿನ ಯೋಚನೆಯೇ ಬೇಡ.

ಮಾವನ ಮಗ ಬಂದಾಗಿನ ಗ್ಯಾಲಿಯನ್‌ಗೆ ಕೆಲಸ ಹಂಚಿಕೆ ಮೊದಲೇ ಆಗಬೇಕು: ಚುಕ್ಕಾಣಿ ಒಬ್ಬ, ತಳ ಒಬ್ಬ, ತೋಪು ಒಬ್ಬ, ನಾಲ್ಕನೆಯವನು ಹಾಯಿ ಮತ್ತು ತೋಪು ಎರಡಕ್ಕೂ. ಗ್ಯಾಲಿಯನ್‌ನ ನಕ್ಷೆ ಕೆಳಗಿನ ಅಂತಸ್ತಿನಲ್ಲಿರುವುದರಿಂದ ಚುಕ್ಕಾಣಿಯವನಿಗೆ ಕಾಣುವುದಿಲ್ಲ. ಯಾರಾದರೂ ಓದಿ, ದಿಕ್ಸೂಚಿಯ ದಿಕ್ಕನ್ನು ಕೂಗಬೇಕು. ಉದ್ದದ ಹಡಗಾದ್ದರಿಂದ ಬಂಡೆ ಸುತ್ತುವಾಗ ಮೂತಿ ದಾಟಿತೆಂದು ನಿರಾಳರಾಗಬೇಡಿ, ಬಾಲ ಬಂದು ಬಡಿಯುತ್ತದೆ. ಬಿರುಗಾಳಿಯೊಳಗೆ ನುಗ್ಗುವುದನ್ನು ಆದಷ್ಟು ತಪ್ಪಿಸಿ: ಚಕ್ರ ತಾನೇ ಎಳೆಯುತ್ತದೆ, ದಿಕ್ಸೂಚಿ ಸುತ್ತುತ್ತದೆ, ಮಳೆನೀರೂ ತಳ ಸೇರುತ್ತದೆ. ಕೈಗಳು ಸರಿಯಾಗಿದ್ದು ಗಾಳಿ ಬೆನ್ನಿಗಿದ್ದರೆ ಗ್ಯಾಲಿಯನ್‌ನ ಮುಂದೆ ಬೇರೆ ಯಾವುದೂ ನಿಲ್ಲುವುದಿಲ್ಲ, ಅದೂ ನಿಜ.

ನೆಟ್ ಮತ್ತು ಕರೆಂಟ್. ಆಟ ಶುರು ಮಾಡುವಾಗ ತಂಡವನ್ನು ‘ಕ್ಲೋಸ್ಡ್’ ಎಂದು ಇಡಿ. ‘ಓಪನ್’ ಇದ್ದರೆ ನಿಮ್ಮ ಗೆಳೆಯ ಕಡಿದುಹೋದ ಜಾಗಕ್ಕೆ ಯಾರೋ ಗುರುತಿಲ್ಲದವರು ಬಂದು ಕೂರುತ್ತಾರೆ, ಅವನಿಗೆ ಮರಳಲು ಜಾಗವಿರುವುದಿಲ್ಲ. ಯಾರ ನೆಟ್ ಕಡಿಯುತ್ತದೋ ಅವನಿಗೆ ತಳದ ಕೆಲಸ ಕೊಡಬೇಡಿ. ತೋಪು ಸುಮ್ಮನಾದರೆ ಎಲ್ಲರಿಗೂ ಕೂಡಲೇ ಗೊತ್ತಾಗುತ್ತದೆ, ತಳದಲ್ಲಿ ಯಾರೂ ಇಲ್ಲ ಎಂಬುದು ಗೊತ್ತಾಗುವುದು ನೀರು ಮೇಲೆ ಬಂದಾಗಲೇ. ರೌಟರ್‌ಗೆ ಸಿಗುವ ಸಣ್ಣ ಯುಪಿಎಸ್ ಹಾಕಿಸಿಕೊಂಡರೆ ಕರೆಂಟ್ ಹೋಗಿಬಂದು ಮಾಡುವಾಗ ನೆಟ್ ಆದರೂ ಉಳಿಯುತ್ತದೆ. ಬೇಸಿಗೆಯಲ್ಲಿ ನಮ್ಮ ಕಡೆ ಇದು ಹಡಗಿನ ಆಯ್ಕೆಗಿಂತ ದೊಡ್ಡ ವಿಷಯ. ಅಂಥ ರಾತ್ರಿಗಳಲ್ಲಿ ಲೂಟಿಯನ್ನು ಗುಡ್ಡೆ ಹಾಕಿಕೊಂಡು ತಿರುಗಬೇಡಿ. ಎರಡು ದ್ವೀಪ ಮುಗಿದರೆ ಹೋಗಿ ಮಾರಿಬಿಡಿ. ಹಡಗನ್ನು ನೀರೊಳಗೆ ಮುಳುಗಿಸಿ ನೇರ ಕೆಲಸದ ಜಾಗಕ್ಕೆ ಹೋಗುವ ಸೌಲಭ್ಯ 2024ರಿಂದ ಇದೆ, ಹೊತ್ತು ಕಡಿಮೆ ಇರುವವರಿಗೆ ಅನುಕೂಲ. ಆದರೆ ಮುಳುಗುವಾಗ ಡೆಕ್ ಮೇಲಿನ ಲೂಟಿ ಹಿಂದೆಯೇ ಉಳಿಯುತ್ತದೆ. ಮೊದಲು ಮಾರಿ, ಆಮೇಲೆ ಮುಳುಗಿ.

ಬ್ರಿಗ್‌ಗೆ ಕೈ ಕೂಡಿಸಲು ಒಂದು ಸಂಜೆ ಆಟದ ‘ಸೇಫರ್ ಸೀಸ್’ ಎಂಬ ಬಗೆಯಲ್ಲಿ ಕಳೆಯಿರಿ. ಅಲ್ಲಿ ಬೇರೆ ತಂಡಗಳಿರುವುದಿಲ್ಲ. ಚಿನ್ನ ಕಡಿಮೆ ಸಿಗುತ್ತದೆ, ಅದು ಇರಲಿ. ಸಣ್ಣ ದ್ವೀಪವೊಂದಕ್ಕೆ ಲಂಗರು ಮುಟ್ಟದೆ ಬಂದು ನಿಲ್ಲಿ. ದಾಟಿಹೋದರೆ ಸುತ್ತಿ ಬಂದು ಮತ್ತೆ ಮಾಡಿ, ಹಾಯಿ ಎತ್ತುವ ದೂರ ಕಣ್ಣಿಗೆ ಕೂರುವವರೆಗೆ. ಆಮೇಲೆ ಬೇಕೆಂದೇ ಬಂಡೆಗೆ ಗುದ್ದಿ ತಳದಲ್ಲಿ ತೂತು ಮಾಡಿಕೊಳ್ಳಿ, ಒಬ್ಬನೇ ಇಳಿದು ಮುಚ್ಚಲಿ, ಉಳಿದಿಬ್ಬರು ನೀರು ಎಲ್ಲಿಯವರೆಗೆ ಬಂತು ನೋಡುತ್ತಿರಲಿ. ಮೂವರೂ ಸರದಿಯಲ್ಲಿ ಮಾಡಿ. ಯಾರ ಸರದಿಯಲ್ಲಿ ನೀರು ಕಡಿಮೆ ನಿಂತಿತೋ ಅವನೇ ನಿಮ್ಮ ತಳದವನು, ಅವನಿಗೆ ತೋಪಿನ ಆಸೆ ಎಷ್ಟೇ ಇರಲಿ.

ಸ್ವಂತ ಹಡಗು ಕೊಂಡು ಅದಕ್ಕೆ ಹೆಸರಿಡುವ ಅವಕಾಶ 2022ರ ಆಗಸ್ಟ್‌ನಿಂದ ಇದೆ. ಆಟದ ಚಿನ್ನದಲ್ಲಿ ಲಕ್ಷಗಟ್ಟಲೆ ಬೀಳುತ್ತದೆ, ದೊಡ್ಡ ಹಡಗಿಗೆ ಇನ್ನೂ ಹೆಚ್ಚು. ಕೊಳ್ಳದಿದ್ದರೂ ಪ್ರತಿ ಸಲ ಯಾವ ಬಗೆ ಬೇಕೋ ಅದನ್ನು ಪುಕ್ಕಟೆ ಆರಿಸಿಕೊಳ್ಳಬಹುದಾದ್ದರಿಂದ ಅವಸರವಿಲ್ಲ. ಕೊಳ್ಳುವುದೇ ಆದರೆ ಮೊದಲು ಬ್ರಿಗ್ ಕೊಳ್ಳಿ. ನಿಮ್ಮ ವಾರದಲ್ಲಿ ಐದು ದಿನ ಅದೇ.